ಡಬ್ಬಿಯಲ್ಲಿ ಬೇಕಾದದ್ದು ಕಫ, ಉಗುಳಲ್ಲ



ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ: ಇವುಗಳಲ್ಲಿ ಒಂದಿದ್ದರೂ ಕಫ ಪರೀಕ್ಷೆ ಮಾಡಿಸಬೇಕು. ಆದರೆ ನಮ್ಮ ಕಡೆ ಕೆಮ್ಮಿಗೆ ಕಾರಣಗಳಿಗೇನೂ ಕೊರತೆಯಿಲ್ಲ. ಬೆಟಗೇರಿಯ ನೇಕಾರರು ನೂಲಿನ ಧೂಳು ಎನ್ನುತ್ತಾರೆ, ಮುಂಡರಗಿ, ಶಿರಹಟ್ಟಿ ಕಡೆಯ ರೈತರು ಮೆಣಸಿನಕಾಯಿ ಘಾಟು ಎನ್ನುತ್ತಾರೆ, ಉಳಿದವರಿಗೆ ಬೀಡಿ ಇದ್ದೇ ಇದೆ. ಹೀಗೆ ಸಿರಪ್ಪಿನ ಬಾಟಲಿಗಳಲ್ಲೇ ತಿಂಗಳುಗಳು ಕಳೆಯುತ್ತವೆ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗಲೂ ಇದೇ ಕಂಡಿತ್ತು. ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿದ್ದರು. ಬಹಳಷ್ಟು ಮಂದಿ ಕೆಮ್ಮಿನ ಔಷಧಿ ಹಿಡಿದು ಮರಳಿದ್ದರು.

"ರಕ್ತ ತಗದು ನೋಡ್ರಿ ಸಿಸ್ಟರ್" ಎಂದು ಹಲವರು ಕೇಳುತ್ತಾರೆ. ಕ್ಷಯ ಪತ್ತೆಗೆಂದು ಮಾರುತ್ತಿದ್ದ ರಕ್ತದ ಆಂಟಿಬಾಡಿ ಪರೀಕ್ಷೆಗಳು ತಪ್ಪು ಉತ್ತರ ಕೊಡುತ್ತಿದ್ದುದರಿಂದ ಕೇಂದ್ರ ಸರ್ಕಾರ 2012ರಲ್ಲಿ ಅವನ್ನು ನಿಷೇಧಿಸಿತು. ಎಕ್ಸ್‌ರೇಯಲ್ಲಿ ಕಾಣುವ ನೆರಳು ಹಳೆಯ ಕಲೆಯೂ ಆಗಿರಬಹುದು. ಶ್ವಾಸಕೋಶದ ಕ್ಷಯದ ರೋಗಾಣು ಸಿಗುವುದು ಕಫದಲ್ಲಿ.

ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣು ಇರಬೇಕು. ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳು ನೂರರ ಆಸುಪಾಸಿನಲ್ಲಿದ್ದರೂ ಹಿಡಿಯಬಲ್ಲವು. ರಿಫಾಂಪಿಸಿನ್ ಔಷಧಿ ನಾಟುತ್ತದೆಯೋ ಇಲ್ಲವೋ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ತಿಳಿಸುತ್ತವೆ. ಆದರೆ ಡಬ್ಬಿಯಲ್ಲಿ ಬರೀ ಉಗುಳಿದ್ದರೆ ಯಂತ್ರ ಏನು ಮಾಡೀತು? "ಇಲ್ಲ" ಎಂದು ವರದಿ ಬರುತ್ತದೆ, ರೋಗಿ ನೆಮ್ಮದಿಯಿಂದ ಮನೆಗೆ ಹೋಗಿ ಮೊಮ್ಮಕ್ಕಳ ಪಕ್ಕದಲ್ಲೇ ಮಲಗುತ್ತಾರೆ.

ಆದ್ದರಿಂದ ಕಫ ಕೊಡುವ ರೀತಿ ತಿಳಿದುಕೊಳ್ಳಿ. ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಬಯಲಿಗೆ, ಜನರಿಂದ ದೂರ ಹೋಗಿ. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಸ್ವಲ್ಪ ಹಿಡಿದು, ಎದೆಯ ಆಳದಿಂದ ಕೆಮ್ಮಿ. ಗಂಟಲು ಕೆರೆದರೆ ಸಾಲದು. ಬರುವುದು ದಪ್ಪಗೆ, ಲೋಳೆಯಾಗಿ ಇರಬೇಕು. ಕನಿಷ್ಠ 2 ಮಿಲಿ, ಅಂದರೆ ಅರ್ಧ ಚಹಾ ಚಮಚೆಯಷ್ಟು. ಮುಚ್ಚಳ ಬಿಗಿ ಮಾಡಿ ಕೈ ತೊಳೆಯಿರಿ. ಒಂದು ಮಾದರಿ ಇಲ್ಲಿಯೇ ಕೊಡುತ್ತೀರಿ, ಇನ್ನೊಂದು ಮರುದಿನ ಎದ್ದ ಕೂಡಲೇ ಏನೂ ತಿನ್ನುವ ಮೊದಲು. ರಾತ್ರಿಯಿಡೀ ಎದೆಯಲ್ಲಿ ಕೂಡಿದ ಕಫ ಅದು. ನನ್ನ ಮಟ್ಟಿಗೆ ಅದೇ ಹೆಚ್ಚು ಬೆಲೆಯದು. ಲಕ್ಷ್ಮೇಶ್ವರದಂಥ ದೂರದ ಊರಿನಿಂದ ಬಸ್ಸಿನಲ್ಲಿ ತರುವವರು ಡಬ್ಬಿಗೆ ಬಿಸಿಲು ತಾಗಿಸಬೇಡಿ, ಅಂದೇ ತಲುಪಿಸಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಔಷಧಿಯೂ ಉಚಿತ. ಚಿಕಿತ್ಸೆ ನಡೆಯುವಾಗ ಪೌಷ್ಟಿಕ ಆಹಾರಕ್ಕೆಂದು ಸಿಗುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ. ವರದಿಯಲ್ಲಿ "ಇಲ್ಲ" ಎಂದಿದ್ದರೂ ಕೆಮ್ಮು ನಿಲ್ಲದಿದ್ದರೆ ಆ ವರದಿಯನ್ನೇ ಹಿಡಿದು ಮತ್ತೆ ಬನ್ನಿ.