ಮಂಗಳೂರಿನ ಚರಿತ್ರೆ: ಆಕರಗಳ ಶೋಧ ಮತ್ತು ಜೋಡಣೆ

ಮಂಗಳೂರಿನ ಸ್ಥಳೀಯ ಚರಿತ್ರೆಗೆ ಬೇಕಾದ ಆಕರಗಳು ಹಲವು ಊರುಗಳಲ್ಲಿ ಚದುರಿಹೋಗಿರುವುದಕ್ಕೆ ಕಾರಣ ಆ ಊರಿನ ಆಡಳಿತದ ಇತಿಹಾಸದಲ್ಲಿಯೇ ಇದೆ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕಂಪನಿಯ ಕೈಸೇರಿದ ಕೆನರಾ ಪ್ರಾಂತವು ಮದರಾಸಿನ ಅಧೀನಕ್ಕೆ ಬಂದು, ಅದರ ಉತ್ತರಭಾಗ 1862ರಲ್ಲಿ ಮುಂಬಯಿಗೆ ಸೇರಿದ ಮೇಲೂ ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನಲ್ಲಿಯೇ ಉಳಿದುದರಿಂದ, ಕಲೆಕ್ಟರರ ಪತ್ರವ್ಯವಹಾರವನ್ನೂ ಕಂದಾಯ ಮಂಡಳಿಯ ನಡಾವಳಿಗಳನ್ನೂ ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿ ನೋಡಬೇಕಾಗುತ್ತದೆ. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ವರದಿಗಳೂ ಛಾಯಾಚಿತ್ರಗಳೂ ಸ್ವಿಟ್ಜರ್ಲೆಂಡಿನಲ್ಲಿವೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಹೊರತಂದ ‘ಮಂಗಳೂರ ಸಮಾಚಾರ’ವನ್ನು ಅಚ್ಚಿಸಿದ ಕಲ್ಲಚ್ಚಿನ ಪರಂಪರೆಯ ಪುಸ್ತಕಗಳಲ್ಲಿ ಒಂದು ಭಾಗ ಮಾತ್ರ ಮಂಗಳೂರಿನ ಬಲ್ಮಠದಲ್ಲಿ ಉಳಿದಿದೆ.

ಮುದ್ರಿತ ಗ್ರಂಥಗಳಲ್ಲಿ ಸ್ಟರಾಕರ ಜಿಲ್ಲಾ ಕೈಪಿಡಿಯೂ ಗಣಪತಿ ರಾವ್ ಐಗಳರ 1923ರ ಪ್ರಾಚೀನ ಇತಿಹಾಸವೂ ಇಂದಿಗೂ ಅನಿವಾರ್ಯವಾದರೂ, ಅರಸುಮನೆತನ ಮತ್ತು ಕಂದಾಯದ ಕಣ್ಣಿನಿಂದ ಬರೆದ ಆ ಕೃತಿಗಳಲ್ಲಿ ಬಂದರು, ಕುದ್ರೋಳಿ, ಬೋಳಾರ, ಜೆಪ್ಪುಗಳ ಜನರ ದುಡಿಮೆಗೆ ದೊರೆತ ಜಾಗ ಕಿರಿದು. ಆ ಕೊರತೆಯನ್ನು ತುಂಬುವಂಥವು ಮನೆಗಳಲ್ಲಿಯೂ ಸಣ್ಣ ಕಚೇರಿಗಳಲ್ಲಿಯೂ ಬಿದ್ದಿರುವ ಲೆಕ್ಕಪತ್ರಗಳು: ಗೇಣಿಚೀಟಿ, ಅಂದರೆ ಒಕ್ಕಲು ಭೂಮಾಲೀಕನಿಗೆ ಬರೆದುಕೊಟ್ಟ ಕರಾರು, ಕಡತ, ಅಂದರೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಮಡಿಕೆಪುಸ್ತಕ, ಮಂಜಿಗಳ, ಅಂದರೆ ಕರಾವಳಿಯ ಸರಕುಹಡಗುಗಳ, ಏರುಸರಕಿನ ವಹಿಗಳು.

ಇಂಥ ವಹಿಗಳಿಗಾಗಿಯೇ ಪ್ರಸ್ತುತ ಲೇಖಕ ನದೀದಡದ ಒಂದು ಕಚೇರಿಗೆ ಅಲೆದದ್ದು. ಅಲ್ಲಿಯ ಹಿಂಭಾಗದ ಜಗಲಿಯಲ್ಲಿ ಕೆಂಪುಬಟ್ಟೆಯ ಗಂಟುಗಳಲ್ಲಿ ಹಂಚು ಸಾಗಣೆಯ ರಿಜಿಸ್ಟರುಗಳಿದ್ದವು. ಮೇಲಿದ್ದ ಒಂದನ್ನು ತೆರೆದಾಗ ತಂಡೇಲನ, ಅಂದರೆ ಮಂಜಿಯನ್ನು ನಡೆಸುವವನ, ಹೆಸರು, ಹೊರಟ ತಿಥಿ, ಹಂಚಿನ ಸಂಖ್ಯೆ, ಸಹಿಯ ಬದಲು ಒತ್ತಿದ ಹೆಬ್ಬೆಟ್ಟು ಸಾಲುಸಾಲಾಗಿ ಕಂಡುಬಂದವು. ಮೇಲಧಿಕಾರಿಯ ಪತ್ರವಿಲ್ಲದೆ ಪ್ರತಿ ತೆಗೆಯಕೂಡದೆಂದು ಹಿಡಿದ ಪಟ್ಟನ್ನು ಅಲ್ಲಿಯ ಅಧಿಕಾರಿ ಸಡಿಲಿಸಲಿಲ್ಲ. ಪತ್ರ ಬಂದಾಗ ಅದರಲ್ಲಿ ವಿಷಯಸಂಖ್ಯೆ ಇಲ್ಲವೆಂದರು. ತಿದ್ದಿದ ಪತ್ರ ತಲುಪುವ ಹೊತ್ತಿಗೆ ಮಳೆಗಾಲದ ಮುಂಚಿನ ಶುಚಿಕಾರ್ಯವೆಂದು ಜಗಲಿಯನ್ನು ತೆರವುಗೊಳಿಸಿಯಾಗಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಕಾಗದವನ್ನು ಒಳಗಿಡುವುದು ಆ ಶುಚಿಕಾರ್ಯದ ಅರ್ಥವಾಗಬೇಕಿತ್ತು. ಅಲ್ಲಿ ನಡೆದದ್ದು ತೂಕಕ್ಕೆ ಮಾರಾಟ. ಬಂದರಿನ ಗುಜರಿ ಅಂಗಡಿಯಲ್ಲಿ ಕಟ್ಟು ಬಿಚ್ಚಿ ಹಾಳೆಗಳನ್ನು ಬೇರ್ಪಡಿಸಲಾಗಿತ್ತು, ರಟ್ಟುಗಳು ಒಂದೆಡೆ, ಬರಹವಿದ್ದ ಹಾಳೆಗಳು ಇನ್ನೊಂದೆಡೆ. ಮೊದಲ ಮಳೆಯ ನೀರು ಮಾಡಿನ ಸಂದಿಯಿಂದ ಇಳಿದು, ಶಾಯಿ ಕರಗಿ ಹಾಳೆಗಳೆಲ್ಲ ನೀಲಿಯಾಗಿದ್ದವು. ಹಣ ಕೊಟ್ಟು ಬಿಡಿಸಿಕೊಂಡದ್ದರಲ್ಲಿ ಓದಲು ಬರುವಂಥ ಹಾಳೆಗಳು ಕೆಲವೇ. ಅವುಗಳ ವರ್ಷವನ್ನು ಹೇಳಬೇಕಾದ ಮೊದಲ ಪುಟ ಯಾವ ಕಟ್ಟಿನಲ್ಲಿಯೂ ಉಳಿದಿರಲಿಲ್ಲ. ಆ ಅಧಿಕಾರಿ ನಿಯಮವನ್ನು ಪಾಲಿಸಿದವರೆಂದು ಕೆಲವರು ಸಮರ್ಥಿಸುತ್ತಾರೆ. ನೋಡಲು ಬಂದವನನ್ನು ತಡೆದು, ಕೊಳ್ಳಲು ಬಂದವನಿಗೆ ಬಾಗಿಲು ತೆರೆದ ನಡತೆಯನ್ನು ಯಾವ ನಿಯಮವೂ ಸಮರ್ಥಿಸಲಾರದು.

ಖಾಸಗಿ ಮನೆಗಳ ಹಿಂಜರಿಕೆ ಬೇರೆ ಬಗೆಯದು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳಿದ ನೆನಪು ಮಾಸದ ಕುಟುಂಬಗಳು ಹಳೆಯ ಚೀಟಿಯನ್ನು ಹೊರಗಿನವರಿಗೆ ತೋರಿಸಲು ಅಂಜುತ್ತವೆ, ಮತ್ತು ಆ ಅಂಜಿಕೆಗೆ ಆಧಾರವಿದೆ. ಮೂಲವನ್ನು ಮನೆಯಲ್ಲಿಯೇ ಬಿಟ್ಟು, ಸರ್ವೆ ನಂಬರನ್ನು ಮರೆಮಾಡಿ, ಮನೆಯವರ ಎದುರಿನಲ್ಲಿಯೇ ಚಿತ್ರ ತೆಗೆಯುವುದಾದರೆ ಬಹುಪಾಲು ಜನ ಒಪ್ಪುತ್ತಾರೆ. ಕಚೇರಿಗಳಲ್ಲಾದರೆ ಅರ್ಜಿಯ ಜೊತೆಗೆ ದಾಖಲೆಗಳ ಪಟ್ಟಿಯನ್ನೂ ಲಗತ್ತಿಸಿ, ಸ್ವೀಕೃತಿಯ ಮೊಹರು ಪಡೆಯುವುದು ಒಳ್ಳೆಯದು.

ದೊರೆತದ್ದನ್ನು ಜೋಡಿಸುವಾಗ ಕಾಲನಿರ್ಣಯವೇ ದೊಡ್ಡ ತೊಡಕು. ಸಂವತ್ಸರದ ಹೆಸರು 60 ವರ್ಷಗಳಿಗೊಮ್ಮೆ ಮರಳುವುದರಿಂದ, ವಿಭವ ಸಂವತ್ಸರವೆಂದಷ್ಟೇ ಇರುವ ಚೀಟಿ 1868ರದೂ ಆಗಬಹುದು, 1928ರದೂ ಆಗಬಹುದು. ತುಳುನಾಡಿನ ಸೌರಮಾನದಲ್ಲಿ ಬಿಸುವಿನಿಂದ, ಅಂದರೆ ಏಪ್ರಿಲ್ ನಡುವಿನಿಂದ, ವರ್ಷ ಮೊದಲಾಗುವುದನ್ನು ಗಮನಿಸದವರು ಇನ್ನೊಂದು ವರ್ಷ ತಪ್ಪುತ್ತಾರೆ. ರಾಜವಂಶಗಳ ಅನುಕ್ರಮದಲ್ಲಿಯೇ ವಿಂಗಡಿಸಬೇಕೆಂದು ಹಿರಿಯ ವಿದ್ವಾಂಸರು ಹೇಳಿದರೂ ಲೇಖಕ ಸ್ಥಳಾನುಕ್ರಮವನ್ನೇ ಹಿಡಿದದ್ದು ಸರಿಯಾಯಿತು. ಬೋಳಾರದ ಗೇಣಿಚೀಟಿ, ಬೋಳಾರದ ಹಂಚಿನ ಲೆಕ್ಕ, ಅಲ್ಲಿಯ ಕಾರ್ಮಿಕರ ಹೇಳಿಕೆ ಒಂದೇ ಪೆಟ್ಟಿಗೆಯಲ್ಲಿದ್ದಾಗ ಮಾತ್ರ ಒಂದು ಇನ್ನೊಂದರ ಕಾಲವನ್ನು ನಿರ್ಧರಿಸಲು ನೆರವಾಗುತ್ತದೆ.

ಹಂಚಿನ ಮೇಲಿನ ಅಚ್ಚನ್ನು ನಂಬಿ ಮನೆಯ ವಯಸ್ಸು ಹೇಳುವ ರೂಢಿ ಊರಿನಲ್ಲಿ ಬಲವಾಗಿದೆ. ಆದರೆ ಮಿಷನ್ನಿನ ಹಂಚುಗಳ ಮೇಲಿರುವ 1865 ಎಂಬುದು ಮಿಷನ್ನಿನವರಾದ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಕಾರ್ಖಾನೆ ಸ್ಥಾಪಿಸಿದ ವರ್ಷ. ಅನಂತರದ ದಶಕಗಳ ಹಂಚುಗಳೂ ಅದೇ ಅಂಕಿಯನ್ನು ಹೊತ್ತು ಬಂದವು. ಮನೆ ಕಟ್ಟಿದ ವರ್ಷವನ್ನು ಕ್ರಯಪತ್ರದಿಂದಲೋ ಪುರಸಭೆಯ ತೆರಿಗೆ ಪುಸ್ತಕದಿಂದಲೋ ಖಚಿತಪಡಿಸಿಕೊಳ್ಳತಕ್ಕದ್ದು.