ಒಂದು ಅಡ್ಡಹೆಸರಿನ ಜಾಡು ಹಿಡಿದು

ನಮ್ಮ ಕಡೆಯಲ್ಲಿ ಅಡ್ಡಹೆಸರಿಲ್ಲದ ಮನೆತನ ಸಿಗುವುದು ಅಪರೂಪ. ನಮ್ಮ ತರಗತಿಯ ಹಾಜರಿ ಪುಸ್ತಕವನ್ನೇ ನೋಡಿರಿ: ಬಡಿಗೇರ, ಕಮ್ಮಾರ, ಗಾಣಿಗೇರ ಎಂಬವು ಕಸುಬನ್ನು ಹೇಳುತ್ತವೆ, ಪಾಟೀಲ, ಕುಲಕರ್ಣಿ, ತಳವಾರ ಎಂಬವು ಊರಿನ ಅಧಿಕಾರವನ್ನು, ಬ್ಯಾಡಗಿ, ಹಾವೇರಿ ಎಂಬವು ಹಿರಿಯರು ಬಿಟ್ಟುಬಂದ ಊರನ್ನು, ಹೊಸಮನಿ, ದೊಡ್ಡಮನಿ ಎಂಬವು ಮನೆಯನ್ನು. ಒಂದೇ ಅಡ್ಡಹೆಸರನ್ನು ಹಿಡಿದು ಅಭ್ಯಾಸ ಮಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ಚೆನ್ನಾಗಿ ಬೆಳೆದಿದ್ದು, ಅದಕ್ಕೆಂದೇ 1979ರಲ್ಲಿ ಅಲ್ಲಿ ಒಂದು ಸಂಘವೂ ಸ್ಥಾಪಿತವಾಯಿತು. ಅದೇ ಬಗೆಯಲ್ಲಿ ನನ್ನ ಮನೆತನದ ‘ಅಂಬಿಗೇರ’ ಎಂಬ ಹೆಸರನ್ನು ಅಭ್ಯಸಿಸಲು ಕಳೆದ ರಜೆಯಲ್ಲಿ ತೊಡಗಿದೆನು. ಅದರ ಆರಂಭದ ಅನುಭವವೇ ಈ ಲೇಖನ.

ಅಂಬಿ ಎಂದರೆ ದೋಣಿ. ಅದನ್ನು ನಡೆಸುವವನು ಅಂಬಿಗ. ಅಂಬಿಗರ ಮನೆಯವರು ಅಂಬಿಗೇರರು. ನಮ್ಮ ಮನೆ ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿದೆ; ಎದುರು ದಡದಲ್ಲಿ ಹರಿಹರ. ಅಲ್ಲಿಯ ಸೇತುವೆ 1868ರಲ್ಲಿ ಮುಗಿಯಿತು. ಆದರೂ ನಮ್ಮ ಮುತ್ತಜ್ಜನ ಕಾಲದವರೆಗೆ ಸೇತುವೆಯಿಂದ ದೂರದ ಕಡವುಗಳಲ್ಲಿ ನಮ್ಮವರು ಹರಿಗೋಲು ಹಾಕುತ್ತಿದ್ದರೆಂದು ಅಜ್ಜ ಹೇಳುತ್ತಾನೆ.

ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳುವುದೇ ಮೊದಲ ಮೆಟ್ಟಿಲು. ಅಜ್ಜನಿಂದ ನನಗೆ ನನ್ನ ಹಿಂದಿನ ನಾಲ್ಕು ತಲೆಮಾರು ಸಿಕ್ಕಿತು. ಎರಡನೆಯ ಮೆಟ್ಟಿಲು ಕಾಗದಪತ್ರ. ಮುಂಬಯಿ ಪ್ರಾಂತದಲ್ಲಿ 1903ರ ಕಾಯಿದೆಯಿಂದ ಹೊಲದ ಹಕ್ಕುಗಳನ್ನು ದಾಖಲೆ ಮಾಡುವ ಪದ್ಧತಿ ಬಂದಿತು. ತಂದೆ ತೀರಿದಾಗ ಮಕ್ಕಳ ಹೆಸರು ವಾರಸಾ ಎಂದು ಏರುವುದರಿಂದ ರೈತನಿಗೆ ಅದೇ ವಂಶವೃಕ್ಷ. ಇದನ್ನು ಹೇಳಿದಾಗ ಅಜ್ಜ ನಕ್ಕು, “ನಮಗ ಹೊಲ ಎಲ್ಲಿತ್ತೋ ತಮ್ಮಾ, ಹೆಸರು ಏರಾಕ?” ಎಂದನು. ಆಗ ನನಗೆ ತಿಳಿಯಿತು, ಭೂಮಿಯಿಲ್ಲದವನ ಹೆಸರನ್ನು ಹುಡುಕುವ ಕಷ್ಟ ಎಂತಹದೆಂದು. ನಮ್ಮ ಮನೆತನದ ಅಡ್ಡಹೆಸರು ನನಗೆ ಮೊದಲು ಕಂಡ ಕಾಗದ, ನನ್ನ ತಂದೆಯ ಶಾಲೆಯ ದಾಖಲಾತಿ ಪುಸ್ತಕ. ಮಾಸ್ತರರು ಮನೆತನ ಯಾವುದೆಂದು ಕೇಳಿದಾಗ ಅಜ್ಜ, “ಅಂಬಿಗರ ಪೈಕಿರಿ” ಎಂದನಂತೆ. ಅವರು ‘ಅಂಬಿಗೇರ’ ಎಂದು ಬರೆದುಕೊಂಡರು. ಅಜ್ಜನಿಗೆ ಓದಲು ಬಾರದು. ಏನು ಬರೆದರೆಂದು ಅವನು ನೋಡಲಿಲ್ಲ.

ಇನ್ನು ಕವಲುಗಳ ಮಾತು. ಅಜ್ಜನ ತಮ್ಮ ಬೇರೆ ಊರಿಗೆ ಮನೆಅಳಿಯನಾಗಿ ಹೋದನು. ಅಲ್ಲಿಯವರು ಅವನನ್ನು ಅವನು ಬಂದ ಊರಿನಿಂದ ಕರೆದರು. ಅವನ ಮಕ್ಕಳು ಇಂದು ‘ಕೊಡಿಯಾಲ’ ಆಗಿದ್ದಾರೆ. ಅಜ್ಜನ ಅಕ್ಕನನ್ನು ಹರಿಹರಕ್ಕೆ ಕೊಟ್ಟಿತ್ತು. 1956ರವರೆಗೆ ಹೊಳೆಯ ಆಚೆಗೆ ಮೈಸೂರು ಸಂಸ್ಥಾನ, ಈಚೆಗೆ ಮುಂಬಯಿ ಆಡಳಿತ. ಆಚೆ ದಡದಲ್ಲಿ ಹೆಸರಿನ ಮುಂದೆ ಊರಿನ, ತಂದೆಯ ಮೊದಲಕ್ಷರ ಬರೆಯುವ ರೂಢಿ. ಆದುದರಿಂದ ಅವಳ ಮೊಮ್ಮಕ್ಕಳಿಗೆ ಅಡ್ಡಹೆಸರೇ ಇಲ್ಲ. ಒಂದೇ ಒಲೆಯ ಅನ್ನ ಉಂಡವರು ಮೂರು ಬಗೆಯಾದರು. ಇದಕ್ಕೆ ವಿರುದ್ಧವಾಗಿ, ವರದಾ ನದಿಯ ಕಡೆಯ ನನ್ನ ಗೆಳೆಯನೊಬ್ಬನೂ ಅಂಬಿಗೇರನೇ. ಆದರೆ ಬೆಡಗು ಬೇರೆ, ಸಂಬಂಧವೇನೂ ಇಲ್ಲ. ಕಡವಿದ್ದಲ್ಲೆಲ್ಲ ಅಂಬಿಗನಿರುವನಷ್ಟೆ! ಹೆಸರು ಒಂದಾದ ಮಾತ್ರಕ್ಕೆ ವಂಶ ಒಂದಲ್ಲವೆಂಬುದು ಇದರಿಂದ ಸ್ಪಷ್ಟ.

ಮೂರನೆಯ ಮೆಟ್ಟಿಲು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು, ತಮಗೆ ಸೇರಿದ ಮನೆತನಗಳ ವಂಶಾವಳಿಯನ್ನು ಹೇಳಿ ಕಾಳುಕಡಿ ಪಡೆಯುವ ಇವರು ನಮ್ಮ ನಾಡಿನ ಇತಿಹಾಸಕಾರರೇ ಸರಿ. ನಮ್ಮ ಮನೆಗೆ ಹೆಳವ ಬಂದು ಬಹಳ ವರುಷಗಳಾದವು. ಅವನನ್ನು ಹುಡುಕುವುದು ನನ್ನ ಮುಂದಿನ ಕೆಲಸ.

ಕೊನೆಯದಾಗಿ ಒಂದು ಎಚ್ಚರಿಕೆ. ನಮ್ಮ ತಾಲೂಕಿನ ಚೌಡದಾನಪುರ, 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನವರ ನೆಲೆ. ಅವರು ಕಸುಬಿನ ಹೆಸರನ್ನು ಮರೆಮಾಡದೆ ಅದನ್ನೇ ತಮ್ಮ ಅಂಕಿತವಾಗಿಸಿಕೊಂಡರು. ನನ್ನ ಪಟ್ಟಿಯ ತುದಿಯಲ್ಲಿ ಅವರ ಹೆಸರನ್ನೇ ಬರೆಯೆಂದು ನಮ್ಮ ಓಣಿಯ ಹಿರಿಯರು ಒತ್ತಾಯಿಸಿದರು. ನನಗೂ ಆಸೆಯಾಗದೆ ಇರಲಿಲ್ಲ. ಆದರೆ ಲೆಕ್ಕ ಹಾಕಿರಿ: ತಲೆಮಾರಿಗೆ 25 ವರುಷವೆಂದರೂ ನಡುವೆ 30ಕ್ಕೂ ಹೆಚ್ಚು ತಲೆಮಾರು, ನನಗೆ ಸಿಕ್ಕಿರುವುದು ನಾಲ್ಕು. ಉಳಿದುದನ್ನು ಅಭಿಮಾನದಿಂದ ತುಂಬಿದರೆ ಅದು ಪುರಾಣವಾದೀತು, ಅಭ್ಯಾಸವಾಗಲಾರದು. ಆದಕಾರಣ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅದರ ಬದಲು ಯಾವ ದಾಖಲೆಯೂ ಹೇಳದ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಕೇಳಿ ಬರೆದಿದ್ದೇನೆ.

ಪಟ್ಟಿಯನ್ನು ಅಜ್ಜನಿಗೆ ಓದಿ ತೋರಿಸಿದೆನು. ತನ್ನ ತಂದೆಯ ಹೆಸರು ಬಂದಾಗ, “ಇನ್ನೊಮ್ಮೆ ಓದು” ಎಂದನು. ಸಹಪಾಠಿಗಳೇ, ನಿಮ್ಮ ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರೆಂದು ವಿನಂತಿಸಿ ವಿರಮಿಸುತ್ತೇನೆ.