ಬಿರುಕು ಬಿಟ್ಟ ಸೈಕಲ್ ಫ್ರೇಮು: ರಿಪೇರಿಯೋ, ಗುಜರಿಯೋ?



ನಮ್ಮ ಕೊಳ್ಳೇಗಾಲದ ಕಡೆ ಸೈಕಲ್ ಬರೀ ಸವಾರಿಗಲ್ಲ. ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನೂ ಅದೇ ಹೊರಬೇಕು. ಹೋದ ತಿಂಗಳು ಅಪ್ಪನ ಹಳೇ ಸೈಕಲ್ ತೊಳೆಯುವಾಗ, ಸೀಟಿನ ಕೆಳಗೆ ಪೈಪುಗಳು ಕೂಡುವ ಕಡೆ ಕೂದಲೆಳೆಯಂಥ ಗೆರೆ ಕಂಡಿತು. "ಬಣ್ಣ ಬಿಟ್ಟದೆ ಅಷ್ಟೆ ಕಣ್ಲಾ" ಅಂದರು ಅಪ್ಪ. ನನಗೆ ಅನುಮಾನ ಹೋಗಲಿಲ್ಲ. ಅದರ ಮೇಲೆ ತಂಗಿಯನ್ನು ಕೂರಿಸಿಕೊಂಡು ಸ್ಕೂಲಿಗೆ ಬರುವವನು ನಾನೇ ತಾನೆ!

ಬಿರುಕೋ, ಬಣ್ಣವೋ?

ಕೊಳೆ ಒರೆಸಿ, ಗೆರೆಯ ಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ದರೆ, ಬತ್ತಿ ಎಣ್ಣೆ ಹೀರಿದ ಹಾಗೆ ಪುಡಿಯು ಒಳಗಿನ ಎಣ್ಣೆಯನ್ನು ಹೀರಿ ಒದ್ದೆ ಗೆರೆ ಮೂಡುತ್ತದೆ. ನಮ್ಮದರಲ್ಲಿ ಮೂಡಿತು. ಅಪ್ಪ ಸುಮ್ಮನಾದರು.

ತೀರ್ಮಾನ ಹೇಗೆ?

1. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಬಿರುಕು ಬಿಟ್ಟಿದ್ದರೆ ಅಥವಾ ಬಾಗಿದ್ದರೆ ರಿಪೇರಿ ಬೇಡ, ಹೊಸದು ಹಾಕಿಸಿ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುತ್ತದೆ. ಹನೂರಿನಾಚೆ ಮಾದಪ್ಪನ ಬೆಟ್ಟದ ಕಡೆ, ಯಳಂದೂರಿನಾಚೆ ಬಿಳಿಗಿರಿರಂಗನ ಬೆಟ್ಟದ ಕಡೆ ಇಳಿಜಾರು ಇಳಿಯುವವರು ಇದನ್ನು ಮರೆಯಬಾರದು. ಫೋರ್ಕ್ ಮುರಿದರೆ ಮುಖ ಅಡಿಯಾಗಿ ಬೀಳುತ್ತೇವೆ.

2. ಗುದ್ದಿ, ಹ್ಯಾಂಡಲ್ ಹತ್ತಿರದ ಪೈಪು ಸುಕ್ಕಾಗಿದ್ದರೆ ಆ ಫ್ರೇಮು ಬಿಟ್ಟುಬಿಡಿ.

3. ಪೈಪನ್ನು ಕೆರೆದಾಗ ತುಕ್ಕು ಪದರ ಪದರವಾಗಿ ಉದುರಿದರೆ ಬೆಸುಗೆ ಹಿಡಿಯಲು ಗಟ್ಟಿ ಲೋಹವೇ ಇರಲ್ಲ. ಅದು ಗುಜರಿಗೇ ಸರಿ.

4. ಸೀಟಿನ ಕೂಡಿಕೆಯಲ್ಲಿ ಚಿಕ್ಕ ಬಿರುಕಿದ್ದು, ಪೈಪು ಗಟ್ಟಿಯಾಗಿ ನೆಟ್ಟಗಿದ್ದರೆ ರಿಪೇರಿ ಮಾಡಿಸಬಹುದು.

ಯಾವ ಬೆಸುಗೆ?

ಹಳೇ ಸೈಕಲ್ಲಿನ ಕೂಡಿಕೆಗಳನ್ನು ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಹಿತ್ತಾಳೆ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಉಕ್ಕಿಗೆ 1,400ಕ್ಕೂ ಹೆಚ್ಚು ಬೇಕು. ಹಾಗಾಗಿ ಪೈಪು ಕರಗದೆ ಬೆಸುಗೆ ಕೂರುತ್ತದೆ. ಗೇಟಿಗೆ ಹಾಕುವ ಕರೆಂಟ್ ವೆಲ್ಡಿಂಗ್‌ನಿಂದ ತೆಳು ಪೈಪು ತೂತಾಗಬಹುದು, ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳಬಹುದು.

ನಮ್ಮ ಸೈಕಲ್ 4ನೇ ಸಾಲಿಗೆ ಸೇರಿತ್ತು. ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿದೆವು. ಆದರೆ ಅಪ್ಪನೇ ಒಂದು ಷರತ್ತು ಹಾಕಿದರು: ಇನ್ನು ಅದರ ಮೇಲೆ ಮೂಟೆ ಇಲ್ಲ, ಇಬ್ಬರ ಸವಾರಿಯೂ ಇಲ್ಲ. ಈಗ ತಂಗಿ ಅದರಲ್ಲಿ ಬರುತ್ತಾಳೆ, ನಾನು ಪಕ್ಕದಲ್ಲಿ ನಡೆಯುತ್ತೇನೆ. ಪ್ರತಿ ಭಾನುವಾರ ಸುಣ್ಣದ ಪುಡಿ ಹಚ್ಚಿ ನೋಡುತ್ತೇನೆ.

ಸ್ನೇಹಿತರೇ, ರಿಪೇರಿಯ ಕಾಸು ಲೆಕ್ಕ ಹಾಕುವ ಮೊದಲು ಬಿರುಕು ಎಲ್ಲಿದೆ ನೋಡಿ. ಇವತ್ತು ಸಂಜೆಯೇ ನಿಮ್ಮ ಸೈಕಲ್ ಒರೆಸಿ ನೋಡುತ್ತೀರಲ್ಲವೇ?

— 9ನೇ ತರಗತಿಯ ವಿದ್ಯಾರ್ಥಿ